ಡ್ರಿಲ್ ಮಾಸ್ತರರ ಹಳಗನ್ನಡ

ಸಭಿಕರೇ,

ಬೆಂಗಳೂರಿನ ಶಾಲೆಗಳಲ್ಲಿ ಕನ್ನಡ ಓದಿದ ನಮ್ಮಲ್ಲಿ ಅನೇಕರಿಗೆ ಕವಿ ಮುದ್ದಣನೆಂದರೆ ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ ಎಂಬ ಒಂದು ಮಾತು ಮತ್ತು ‘ಸಂದರ್ಭ ಸೂಚಿಸಿ ಸ್ವಾರಸ್ಯ ಬರೆಯಿರಿ’ ಎಂಬ ಪ್ರಶ್ನೆಗೆ ದೊರೆತ ಮೂರು ಅಂಕ. ಆ ಮಾತನ್ನು ಬರೆದವನು ಉಡುಪಿಯ ಶಾಲೆಯ ಬಯಲಿನಲ್ಲಿ ಹುಡುಗರಿಗೆ ಕವಾಯತು ಮಾಡಿಸುತ್ತಿದ್ದ ಮೇಷ್ಟ್ರು ಎಂಬುದನ್ನು ನಮಗೆ ಯಾರೂ ಒತ್ತಿ ಹೇಳಲಿಲ್ಲ.

ಕಾರ್ಕಳದ ಬಳಿಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನಿಗೆ (ಮುದ್ದಣನ ನಿಜವಾದ ಹೆಸರು ಇದೇ) ಬಡತನದ ಕಾರಣ ಓದು ಹೆಚ್ಚು ಮುಂದುವರಿಯಲಿಲ್ಲ. ಅಂಗಸಾಧನೆಯ ತರಬೇತಿ ಪಡೆದು ಉಡುಪಿಯಲ್ಲಿಯೂ ಕುಂದಾಪುರದಲ್ಲಿಯೂ ಶಿಕ್ಷಕನಾದ. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿತ್ತು. ಹಳೆಯ ಕಾವ್ಯಗಳನ್ನು ಶೋಧಿಸಿ ಅಚ್ಚು ಹಾಕುತ್ತಿದ್ದ ಪತ್ರಿಕೆಗಳಿದ್ದದ್ದು ಮೈಸೂರಿನಲ್ಲಿ. ಅಲ್ಲಿಗೆ ಅವನು ‘ಅದ್ಭುತ ರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’, ‘ರಾಮಾಶ್ವಮೇಧ’ಗಳನ್ನು ತನ್ನವೆಂದು ಹೇಳಿಕೊಳ್ಳದೆ, ಪ್ರಾಚೀನ ಕೃತಿಗಳೆಂಬಂತೆ ಕಳುಹಿಸಿದ. ಅವು ಅವನವೇ ಎಂಬುದು ಓದುಗರಿಗೆ ಖಚಿತವಾದದ್ದು ಅವನು ತೀರಿಕೊಂಡ ಮೇಲೆ.

ಇದನ್ನು ಸಂಕೋಚವೆಂದು ವಿವರಿಸುವುದು ವಾಡಿಕೆ. ನನಗೆ ಆ ವಿವರಣೆ ಸಾಲದು. ಪಂಡಿತರು ಓಲೆಗರಿಗಳನ್ನು ತಿದ್ದಿ ಪ್ರಕಟಿಸುತ್ತಿದ್ದ ಕಾಲದಲ್ಲಿ, ಕರಾವಳಿಯ ಡ್ರಿಲ್ ಮಾಸ್ತರನೊಬ್ಬ ಹಳಗನ್ನಡದಲ್ಲಿ ಹೊಸದಾಗಿ ಬರೆದಿದ್ದಾನೆಂದರೆ ಕೃತಿಗಿಂತ ಮೊದಲು ಅವನ ಯೋಗ್ಯತೆಯ ವಿಚಾರಣೆ ನಡೆಯುತ್ತಿತ್ತು. ಅದನ್ನು ತಪ್ಪಿಸಿಕೊಳ್ಳುವ ಜಾಣತನವೂ ಆ ಮರೆಯಲ್ಲಿತ್ತೆಂದು ನನ್ನ ಊಹೆ.

ಆದರೆ ‘ರಾಮಾಶ್ವಮೇಧ’ದಲ್ಲಿ ಮೇಷ್ಟ್ರು ಪೂರ್ತಿಯಾಗಿ ಮರೆಯಾಗಲಿಲ್ಲ. ಅದರಲ್ಲಿ ಮಳೆಗಾಲದ ಬೇಸರ ಕಳೆಯಲು ಮುದ್ದಣನ ಹೆಂಡತಿ ಮನೋರಮೆ ಗಂಡನನ್ನು ಕಥೆ ಕೇಳುತ್ತಾಳೆ. ಅವನು ಸಂಸ್ಕೃತ ಸಮಾಸಗಳನ್ನು ಉದ್ದಕ್ಕೆ ಪೋಣಿಸತೊಡಗಿದೊಡನೆ ‘ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು’ ಎಂದು ತಡೆಯುತ್ತಾಳೆ. ಈ ಸಲ್ಲಾಪವನ್ನು ನಾವು ದಾಂಪತ್ಯದ ಸರಸವೆಂದೇ ಸವಿದಿದ್ದೇವೆ, ತಪ್ಪೇನಿಲ್ಲ. ನನಗಾದರೋ ಮನೋರಮೆಯಲ್ಲಿ ತರಗತಿಯ ಚುರುಕಿನ ವಿದ್ಯಾರ್ಥಿಯೂ ಕಾಣುತ್ತಾಳೆ: ಅರ್ಥವಾಗದಿದ್ದರೆ ತಲೆಯಾಡಿಸುವವಳಲ್ಲ, ಕಥೆಗಾರನನ್ನು ನಿಲ್ಲಿಸಿ ಕೇಳುವವಳು. ಅವಳು ಕೇಳಿದ್ದರಿಂದಲೇ ಅವನು ತಿರುಳ್ಗನ್ನಡಕ್ಕೆ, ಎಂದರೆ ಅಚ್ಚಗನ್ನಡಕ್ಕೆ, ಇಳಿಯುತ್ತಾನೆ. ಕರಿಮಣಿಯ ಸರದಲ್ಲಿ ಹವಳ ಕೋದಂತೆ ಅಲ್ಲಲ್ಲಿ ಮಾತ್ರ ಸಂಸ್ಕೃತವಿರಲೆಂಬ ಒಪ್ಪಂದವಾಗುತ್ತದೆ. ಹೊಸಗನ್ನಡ ಗದ್ಯ ಎದುರಿಸಬೇಕಾಗಿದ್ದ ದೊಡ್ಡ ಪ್ರಶ್ನೆಯೊಂದನ್ನು ಹಳಗನ್ನಡದಲ್ಲಿಯೇ, ಅದೂ ಹೆಂಡತಿಯ ಬಾಯಿಂದ ಕೇಳಿಸಿದ ಈ ಉಪಾಯಕ್ಕೆ ನಾನು ಇಂದಿಗೂ ಬೆರಗಾಗುತ್ತೇನೆ.

ಕ್ಷಯರೋಗದಿಂದ 1901ರಲ್ಲಿ ತೀರಿಕೊಂಡಾಗ ಅವನಿಗೆ 31 ವರ್ಷ. ಈ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗಲು ಇನ್ನೂ 14 ವರ್ಷಗಳಿದ್ದವು. ಅವನ ‘ರತ್ನಾವತಿ ಕಲ್ಯಾಣ’ ಮತ್ತು ‘ಕುಮಾರವಿಜಯ’ ಪ್ರಸಂಗಗಳು ಮಾತ್ರ ಪಂಡಿತರ ಒಪ್ಪಿಗೆಗೆ ಕಾಯದೆ ಯಕ್ಷಗಾನದ ರಂಗವೇರಿದವು. ಮಳೆಗಾಲದಲ್ಲಿ ಕರಾವಳಿಯ ಮೇಳಗಳು ಬೆಂಗಳೂರಿಗೆ ಬರುತ್ತವೆ. ಅವುಗಳಲ್ಲೊಂದು ಈ ಪ್ರಸಂಗಗಳನ್ನು ಎತ್ತಿಕೊಂಡರೆ, ಭಾಗವತರ ಪದಗಳನ್ನು ಸ್ವಲ್ಪ ಕಿವಿಗೊಟ್ಟು ಕೇಳಿ.