ಬೆಲ್ಲದ ಪೆಟ್ಟಿಗೆಯ ಬೀಗದ ಕೈ

ಕೇಳುಗರಿಗೆ ನಮಸ್ಕಾರ.

ಪುಷ್ಯ ಮಾಸ ಬಂದರೆ ನಮ್ಮ ಹಾಸನದ ಕಡೆ ಮನೆಮನೆಯಲ್ಲೂ ಅವರೆಕಾಯಿ ಸೊಗಡು. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಲ್ಲಿ ಅಜ್ಜಿ ರಾತ್ರಿ ನೆನೆಸಿದ ಕಾಳು ಹಿತುಕಲು ಕೂತರೆ ನಾವೂ ಸುತ್ತ ಕೂರಬೇಕು. ಕೂಲಿ ಅಂದರೆ ಕಥೆ. ರಾಜ ರಾಣಿಯದಲ್ಲ, ಮನೆಯವರದೇ.

ಅಜ್ಜಿಯ ಚಿಕ್ಕಮಾವ ಬೆಲ್ಲದ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ ಮಹಾ ಜಿಪುಣ. ಜಿಪುಣ ಅನ್ನೋದು ನನ್ನ ಮಾತು. ಅಜ್ಜಿ ಆ ಪದ ಆಡಿದ್ದೇ ಇಲ್ಲ. ಒದ್ದೆ ಕೈಯಲ್ಲೇ ಸುಮ್ನೆ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಉಣ್ಣುವಾಗ ಒಂದು ಸಲ, ಮಲಗುವಾಗ ಎರಡು ಸಲ. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

“ಬಸುರಿ ಕೇಳಿದ್ರೂ ಒಂದು ಚೂರು ಬೆಲ್ಲ ಕೊಡ್ನಿಲ್ಲ ಕಣ್ಲಾ.”

ಒಲೆ ಮುಂದಿನಿಂದ ಅಜ್ಜಿಯ ಓರಗಿತ್ತಿ, ನಮ್ಮ ಚಿಕ್ಕಜ್ಜಿ, ಕೂಗುತ್ತಿದ್ದಳು: “ನಿಂಗೆ ಕೊಡ್ನಿಲ್ಲ ಅನ್ನು. ನನ್ನ ಕರೆದು ಒಂದಚ್ಚು ಕೊಟ್ಟಿದ್ದ!” ಕಥೆ ನಿಂತು ಜಗಳ ಶುರು. ಯಾಕೆ ಹಂಗೆ ಮಾಡಿದ ಅಂದರೆ ಮಾತ್ರ ಇಬ್ಬರದೂ ಒಂದೇ ಉತ್ತರ: “ಹಂಗೇ ಇದ್ದ.”

ಮುಂದೆ ಕಾದಂಬರಿ ಹುಚ್ಚು ಹತ್ತಿದಾಗ ಈ ಜಗಳವೂ ಜೊತೆಗೆ ಬಂತು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಬಂದದ್ದು 1980ರಲ್ಲಿ. ಅದರ ಮಂದಣ್ಣ ಊರವರ ಕಣ್ಣಿಗೆ ಅಬ್ಬೇಪಾರಿ. ವಿಜ್ಞಾನಿ ಕರ್ವಾಲೋ ಕಣ್ಣಿಗೆ ಕಾಡು ಬಲ್ಲವನು. ಯಾರು ಸರಿ ಅಂತ ಗೆಳೆಯರು ವಾದಕ್ಕೆ ಬಿದ್ದರೆ ನನಗೆ ಒಲೆ ಮುಂದಿನ ಚಿಕ್ಕಜ್ಜಿ ದನಿ ಕೇಳುತ್ತಿತ್ತು. ಇಬ್ಬರೂ ಕಂಡದ್ದು ಅವನನ್ನೇ ಅಲ್ವಾ?

ನಮ್ಮ ತಾಲ್ಲೂಕಿನ ಸಂತೇಶಿವರದ ಭೈರಪ್ಪನವರು 1970ರಲ್ಲಿ ತಂದ ‘ಗೃಹಭಂಗ’ದ ಗಂಗಮ್ಮನೂ ಹಾಗೇ. ಬಾಯಿ ಬಿಟ್ಟರೆ ಬೈಗುಳ. ಓದುವಾಗ ಮೈ ಉರಿಯುತ್ತದೆ, ನಿಜ. ಆದರೂ ರಾಕ್ಷಸಿ ಅಂತ ಪಕ್ಕಕ್ಕೆ ತಳ್ಳಲು ನನಗಾಗಲಿಲ್ಲ. ಅಂಥ ಬಾಯಿಯವರು ನಮ್ಮ ಮನೆಯ ಕಥೆಗಳಲ್ಲೂ ಇದ್ದರು. ಅವರ ಬೈಗುಳವನ್ನು ಅವರ ದನಿಯಲ್ಲೇ ಒಪ್ಪಿಸುವಾಗ ಅಜ್ಜಿಗೆ ಎಷ್ಟು ಖುಷಿ ಅಂತೀರಿ!

ಚಿಕ್ಕಂದಿನಲ್ಲಿ ಹೀಗಾಯ್ತು, ಅದಕ್ಕೇ ದೊಡ್ಡವನಾಗಿ ಹೀಗಾದ ಅಂತ ಲೆಕ್ಕ ಒಪ್ಪಿಸುವ ಕಥೆಗಳು ನನಗೆ ಅಷ್ಟಾಗಿ ರುಚಿಸುವುದಿಲ್ಲ. ಅಜ್ಜಿ ನನ್ನ ನಾಲಿಗೆ ಕೆಡಿಸಿಟ್ಟಿದ್ದಾಳೆ.

ಅಜ್ಜಿಯರಿಬ್ಬರೂ ಈಗಿಲ್ಲ. ಹೋದ ಅವರೆ ಕಾಲದಲ್ಲಿ ಮಗಳಿಗೆ ಇದೇ ಕಥೆ ಹೇಳಿದೆ. ಸೊಂಟ ಮುಟ್ಟಿಯೂ ತೋರಿಸಿದೆ. ಅವಳು ನಗಲಿಲ್ಲ.

“ಅಪ್ಪಾ, ಚಿಕ್ಕಜ್ಜಿ ಆ ಬೆಲ್ಲದಲ್ಲಿ ಅಜ್ಜಿಗೆ ಒಂದು ಚೂರಾದರೂ ಕೊಟ್ಟಿದ್ದಳಾ?” ಅಂದಳು.

ಅದನ್ನು ನಾನು ಕೇಳಿಯೇ ಇರಲಿಲ್ಲ.