ಗೊಡ್ಡು ಅನ್ನುವ ಮೊದಲು

ಕೇಳುಗರಿಗೆಲ್ಲ ನಮಸ್ಕಾರ.

ಕೊಟ್ಟಿಗೆಯಿಂದ ಮನೆಯೊಳಕ್ಕೆ ಬಂದ ಮಾತೊಂದಿದೆ. ಗೊಡ್ಡು. ಗಬ್ಬ ನಿಲ್ಲದ ಹಸುವಿಗೆ, ಎಮ್ಮೆಗೆ ಹೇಳುವ ಮಾತು. ಹುರುಳಿಲ್ಲದ ಹರಟೆಗೆ ಗೊಡ್ಡು ಹರಟೆ ಅಂತೀವಿ, ಪೊಳ್ಳು ಬೆದರಿಕೆಗೆ ಗೊಡ್ಡು ಬೆದರಿಕೆ ಅಂತೀವಿ. ಅದೆಲ್ಲ ಇರಲಿ. ಮಕ್ಕಳಾಗದ ಹೆಣ್ಣನ್ನೂ ಗೊಡ್ಡು ಅಂತೀವಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಸು ಸಾಕಿದವರನ್ನು ಕೇಳಿ ನೋಡಿ. ಅವರು ಸುಮ್ನೆ ಗೊಡ್ಡು ಅಂದುಬಿಡುವುದಿಲ್ಲ. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆ ಬೆದೆ ಪೂರ್ತಿ ಒಂದು ದಿನವೂ ಇರುವುದಿಲ್ಲ. ಬೆಳಿಗ್ಗೆ ಕೂಗಿ, ಲೋಳೆ ಹಾಕಿದರೆ ಸಂಜೆ ಇಂಜೆಕ್ಷನ್, ಅಂದರೆ ಕೃತಕ ಗರ್ಭಧಾರಣೆ, ಕೊಡಿಸಬೇಕು. ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ. ಹೊತ್ತು ತಪ್ಪಿದರೆ ಗಬ್ಬ ನಿಲ್ಲುವುದು ಕಷ್ಟ. ಮೇವು ಸಾಲದೆ ಹೋಗಿರಬಹುದು, ಖನಿಜ ಮಿಶ್ರಣ ಕೊಟ್ಟಿರಲಿಕ್ಕಿಲ್ಲ, ಗರ್ಭಕೋಶಕ್ಕೆ ಸೋಂಕು ತಗುಲಿರಬಹುದು. ದೋಷ ಹೋರಿಯಲ್ಲೇ ಇರಬಹುದು. ಹುಟ್ಟಿನಿಂದಲೇ ಗೊಡ್ಡಾಗುವುದು ಅಪರೂಪ. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಹೆಚ್ಚಾಗಿ ಹಾಗಾಗುತ್ತದೆ. ಇಷ್ಟೆಲ್ಲ ನೋಡಿಯೇ ರೈತರು ಮಾತಾಡುವುದು.

ಮನುಷ್ಯರ ವಿಷಯದಲ್ಲಿ ನಮಗೆ ಈ ತಾಳ್ಮೆ ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ನೋವಿಲ್ಲ, ಕೊಯ್ತ ಇಲ್ಲ. ಆದರೂ ಮೊದಲು ಆಸ್ಪತ್ರೆ ಮೆಟ್ಟಿಲು ಹತ್ತುವವಳು ಹೆಂಗಸೇ ಅಲ್ವಾ?

ನಮ್ಮ ಚಿಕ್ಕಮ್ಮನಿಗೆ ಮಕ್ಕಳಾಗಲಿಲ್ಲ. ಪಕ್ಕದ ಮನೆಯಲ್ಲಿ ಒಂದು ಸಲ ತೊಟ್ಟಿಲು ಶಾಸ್ತ್ರ. ಆರತಿ ತಟ್ಟೆ ಚಿಕ್ಕಮ್ಮನ ಕೈಯಲ್ಲಿತ್ತು. ಒಬ್ಬರು ಬಂದು, ಏನೂ ಹೇಳದೆ, ತಟ್ಟೆ ತೆಗೆದುಕೊಂಡು ಬೇರೆಯವರ ಕೈಗೆ ಕೊಟ್ಟರು. ಚಿಕ್ಕಮ್ಮ ಕೈಯಲ್ಲಿ ಉಳಿದ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡು ಹಿಂದೆ ನಿಂತರು. ನನಗಾಗ ಹತ್ತು ವರ್ಷ ಇರಬೇಕು.

ಅವರ ಹಸು ಗೌರಿಗೂ ಮೂರು ಸಲ ಗಬ್ಬ ನಿಂತಿರಲಿಲ್ಲ. ಮಾರಿಬಿಡು ಅಂದವರಿಗೆ ಚಿಕ್ಕಪ್ಪ, "ಪಾಪ, ಅದರ ತಪ್ಪೇನಿದೆ, ಡಾಕ್ಟ್ರಿಗೆ ತೋರಿಸ್ತೀನಿ" ಅಂದರು. ತೋರಿಸಿದರು ಕೂಡ. ತಮ್ಮನ್ನು ಮಾತ್ರ ಯಾವ ಡಾಕ್ಟರಿಗೂ ತೋರಿಸಿಕೊಳ್ಳಲಿಲ್ಲ. ಒಳ್ಳೆಯ ಮನುಷ್ಯರೇ ಅವರು. ಆ ಯೋಚನೆಯೇ ಅವರಿಗೆ ಬರಲಿಲ್ಲ.

ಮುಂದಿನ ವರ್ಷ ಗೌರಿ ಕರು ಹಾಕಿತು. ಚಿಕ್ಕಮ್ಮ ಏಲಕ್ಕಿ, ಬೆಲ್ಲ ಹಾಕಿ ಗಿಣ್ಣು ಮಾಡಿ ಬೀದಿಯ ಎಲ್ಲ ಮನೆಗೂ ಹಂಚಿದರು. ಬಟ್ಟಲು ಹಿಡಿದು ಜೊತೆಗೆ ಹೋದವಳು ನಾನು. ಆರತಿ ತಟ್ಟೆ ತೆಗೆದುಕೊಂಡವರ ಮನೆಗೂ ಹೋದೆವು.