ಕೋರ್ಟು ಹೋಯ್ತು, ಗುತ್ತಿಗೆ ಉಳೀತು

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೇಲೂ ಆಲ್ದೂರು, ಮೂಡಿಗೆರೆ ಕಡೆಯಿಂದ ಬಂದಿದೀರಿ, ತುಂಬಾ ಖುಷಿ ಆಯ್ತು. ಚಿಕ್ಕಮಗಳೂರಲ್ಲಿ ಕೂತ್ಕೊಂಡು ಜಪಾನಿನ ಒಪ್ಪಂದದ ಮಾತು ಯಾಕೆ ಸಾರ್ ಅಂತ ಒಬ್ರು ಫೋನಲ್ಲೇ ಕೇಳಿದ್ರು, ಅದಕ್ಕೆ ನಮ್ಮ ಮನೆಯಿಂದಾನೇ ಶುರು ಮಾಡ್ತೀನಿ.

ನಮ್ಮ ತಾತ ಒಬ್ಬ ದೊರೆ, ಅಂದ್ರೆ ಬಿಳಿ ಸಾಹೇಬನ, ಕಾಫಿ ತೋಟದಲ್ಲಿ ರೈಟರ್ ಆಗಿದ್ರು. ಅವರ ಟ್ರಂಕಲ್ಲಿ ಆ ಜಮೀನಿನ ಗ್ರಾಂಟ್ ಪತ್ರದ್ದೊಂದು ನಕಲು ಇತ್ತು, ಮಡಚಿದ ಕಡೆ ಎಲ್ಲಾ ಹರಿದು, ಒಂದು ಮೂಲೆ ಗೆದ್ದಲು ತಿಂದು, ಚೆಕ್ಕುಬಂದಿ ಹೇಳೋ ಜಾಗದಲ್ಲಿ ಒಂದು ಹಳ್ಳ, ಒಂದು ಅತ್ತಿಮರ, ಒಂದು ಬಾಂದುಕಲ್ಲು ಅಂತ ಬರೆದಿತ್ತು. ಚಿಕ್ಕವನಿದ್ದಾಗ ನಂಗೆ ಅನಿಸ್ತಿದ್ದದ್ದು ಒಂದೇ, ಸಮುದ್ರದ ಆಚೆಯಿಂದ ಬಂದೋನಿಗೆ ನಮ್ಮ ಹಳ್ಳ ನಮ್ಮ ಅತ್ತಿಮರ ಹೆಂಗೆ ಸೇರ್ತು ಅಂತ.

ಬಾಬಾಬುಡನ್‌ಗಿರಿ ಸೀಮೇಲಿ ಕ್ಯಾನನ್ ಅನ್ನೋ ದೊರೆ ತೋಟ ಹಾಕಿದ್ದು 1830ರ ಹೊತ್ತಿಗೆ, ಆಮೇಲೆ 1843ರಲ್ಲಿ ಗ್ರೀನ್ ಅನ್ನೋರು ಮಂಜ್ರಾಬಾದಲ್ಲಿ, ಅಂದ್ರೆ ಸಕಲೇಶಪುರದ ಕಡೆ. 1831ರಿಂದ ಐವತ್ತು ವರ್ಷ ಮೈಸೂರು ರಾಜ್ಯ ಬ್ರಿಟಿಷರ ಕೈಲೇ ಇತ್ತಲ್ಲ, ಜಮೀನು ಪತ್ರ ಅವರಿಗೆ ಬೇಕಾದಂಗೆ ಆಯ್ತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ವಾಪಸ್ ಕೊಡುವಾಗ ಬರೆದ ದಸ್ತಾವೇಜು ನೋಡಿ. ಯುರೋಪಿಯನ್ ಬ್ರಿಟಿಷ್ ಪ್ರಜೆ ತಪ್ಪು ಮಾಡಿದ್ರೆ ಅವನ ಮೇಲಿನ ಕ್ರಿಮಿನಲ್ ಅಧಿಕಾರ ಗವರ್ನರ್ ಜನರಲ್ ಹತ್ರಾನೇ, ಮಹಾರಾಜರಿಗೆ ಅವರು ಎಷ್ಟು ಕೊಡ್ತಾರೋ ಅಷ್ಟೇ. ಅದೇ ದಸ್ತಾವೇಜಲ್ಲಿ ಇನ್ನೊಂದು ಮಾತು, ಬ್ರಿಟಿಷ್ ಆಡಳಿತದಲ್ಲಿ ಕೊಟ್ಟ ಜಮೀನು ಪತ್ರಗಳೆಲ್ಲಾ ಹಂಗೇ ಊರ್ಜಿತ. ಕೋರ್ಟು ಒಂದು ಕಲಮಲ್ಲಿ, ಜಮೀನು ಇನ್ನೊಂದು ಕಲಮಲ್ಲಿ, ಎರಡೂ ಒಂದೇ ಕಾಗದದಲ್ಲಿ. ಇದು ಚೌಕಾಸಿ ಮಾಡಿ ಬರೆದಿದ್ದಲ್ಲ, ಬರೆದು ಕೈಗೆ ಕೊಟ್ಟಿದ್ದು.

ಜಪಾನಿನೋರು ಕೂತು ಚೌಕಾಸಿ ಮಾಡಿದ್ರು, ಅದಕ್ಕೇ ಅವರ ಕಥೆ ಹೇಳ್ತಿರೋದು. 1858ರಲ್ಲಿ ಪಶ್ಚಿಮದ ದೇಶಗಳ ಜೊತೆ ಆದ ಒಪ್ಪಂದಗಳಿಂದ ಅಲ್ಲಿ ಬಂದರು ಊರುಗಳಲ್ಲಿ ಪರದೇಶದೋರಿಗೆ ಜಾಗ ಗುತ್ತಿಗೆಗೆ ಸಿಗ್ತಿತ್ತು, ತಪ್ಪು ಮಾಡಿದ್ರೆ ಅವರ ದೇಶದ ಕಾನ್ಸಲ್ಲೇ, ಅಂದ್ರೆ ಆ ಊರಲ್ಲಿರೋ ಅವರ ಸರ್ಕಾರದ ಪ್ರತಿನಿಧೀನೇ, ವಿಚಾರಣೆ ಮಾಡೋನು. ಅದರ ಬದಲಿಗೆ ಬಂದರಿಂದ ಸುಮಾರು 40 ಕಿಲೋಮೀಟರ್ ದಾಟಿ ಒಳಗೆ ಹೋಗಂಗಿಲ್ಲ. ಒಳನಾಡು ತೆರೀರಿ ಅಂತ ಅವರು, ಮೊದ್ಲು ಕೋರ್ಟು ಬಿಡಿ ಅಂತ ಇವರು. ಇದೇ ಹಗ್ಗಜಗ್ಗಾಟ ವರ್ಷಗಟ್ಲೆ ನಡೀತು.

ನಾರ್ಮಂಟನ್ ಹಡಗಿನ ವಿಷ್ಯ ಹೇಳ್ಲೇಬೇಕು, ನಂಗೆ ಇವತ್ತಿಗೂ ಅದನ್ನ ಓದಿದ್ರೆ ಹೊಟ್ಟೆ ಉರಿಯುತ್ತೆ. 1886ರ ಅಕ್ಟೋಬರ್, ಬ್ರಿಟಿಷ್ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗ್ತು, ಕ್ಯಾಪ್ಟನ್ನು ಮತ್ತೆ ಬಿಳಿ ಸಿಬ್ಬಂದಿ ದೋಣಿ ಹತ್ತಿ ಬಚಾವಾದ್ರು, ಜಪಾನಿ ಪ್ಯಾಸೆಂಜರ್ 25 ಜನ ಇದ್ರು, ಒಬ್ರೂ ಉಳೀಲಿಲ್ಲ. ದೋಣಿ ಹತ್ತಿ ಅಂತ ಹೇಳಿದ್ವಿ, ಅವರಿಗೆ ಇಂಗ್ಲಿಷ್ ಅರ್ಥ ಆಗ್ಲಿಲ್ಲ ಅಂತ ಸಮಜಾಯಿಷಿ. ಕೋಬೆಯ ಕಾನ್ಸಲ್ ವಿಚಾರಣೇಲಿ ತಪ್ಪಿಲ್ಲ ಅಂದ್ರು. ದೇಶಕ್ಕೆ ದೇಶಾನೇ ಎದ್ದ ಮೇಲೆ ಯೊಕೊಹಾಮದಲ್ಲಿ ಕ್ಯಾಪ್ಟನ್ನಿಗೆ ಮೂರು ತಿಂಗಳು ಜೈಲು, ಸತ್ತೋರ ಮನೆಯೋರಿಗೆ ಪರಿಹಾರ ಒಂದು ಕಾಸೂ ಇಲ್ಲ. ಹಡಗು ಅವರದ್ದು, ಕೋರ್ಟೂ ಅವರದ್ದೇ, ಹೆಣ ಮಾತ್ರ ಇವರದ್ದು.

ಇಷ್ಟಾದ ಮೇಲೂ ಜಪಾನಿನ ವಿದೇಶಾಂಗ ಮಂತ್ರಿ ಇನೊಯೆ ಒಪ್ಪಿಕೊಂಡ ಹೊಸ ಒಪ್ಪಂದದ ಕರಡಲ್ಲಿ, ಪರದೇಶದೋರ ಕೇಸಿಗೆ ಪರದೇಶದ ಜಡ್ಜುಗಳೇ ಹೆಚ್ಚಿಗೆ ಇರ್ಲಿ ಅಂತಿತ್ತು. ಸಂಪುಟದಲ್ಲೇ ಜಗಳ ಆಗಿ 1887ರಲ್ಲಿ ಅದು ಬಿದ್ದೋಯ್ತು. ಆಮೇಲೆ ಬಂದ ಒಕುಮಾ, ಸುಪ್ರೀಂ ಕೋರ್ಟಲ್ಲಿ ಮಾತ್ರ ಸಾಕು ಅಂದ್ರು, 1889ರ ಅಕ್ಟೋಬರಲ್ಲಿ ಅವರ ಗಾಡಿ ಮೇಲೆ ಬಾಂಬ್ ಬಿತ್ತು, ಒಂದು ಕಾಲು ಹೋಯ್ತು. ಬಾಂಬ್ ಹಾಕಿದ್ದನ್ನ ನಾನು ಒಪ್ಪಲ್ಲ, ಆದ್ರೆ ಆ ಜನಕ್ಕೆ ಈ ಕಲಮು ಎಷ್ಟು ಸುಡ್ತಿತ್ತು ಅನ್ನೋದು ಮಾತ್ರ ಗೊತ್ತಾಗುತ್ತೆ.

ಕೊನೆಗೆ ಮುತ್ಸು ವಿದೇಶಾಂಗ ಮಂತ್ರಿ ಆಗಿದ್ದಾಗ, 1894ರ ಜುಲೈ 16ಕ್ಕೆ ಲಂಡನ್ನಲ್ಲಿ ಬ್ರಿಟನ್ ಜೊತೆಗಿನ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಐದು ವರ್ಷ ಆದ್ಮೇಲೆ, ಅಂದ್ರೆ 1899ರಲ್ಲಿ, ಕಾನ್ಸಲ್ ಕೋರ್ಟು ಬಂದ್, ಒಳನಾಡು ಓಪನ್. ಜಮೀನಿನ ಮಾಲೀಕತ್ವ ಮಾತ್ರ ಕೊಡಲ್ಲ ಅಂತ ಗಟ್ಟಿಯಾಗಿ ನಿಂತ್ರು, ಅಲ್ಲಿ ಅವರನ್ನ ಮೆಚ್ಚಬೇಕು. ನಮ್ಮ ವಿಶ್ವೇಶ್ವರಯ್ಯನೋರು ಜಪಾನ್ ನೋಡಕ್ಕೆ ಹೋಗಿದ್ದು 1898ರಲ್ಲಿ, ಅಂದ್ರೆ ಸಹಿ ಆಗಿ ಇನ್ನೂ ಜಾರಿ ಆಗದೇ ಇದ್ದ ಆ ಕಾಯೋ ವರ್ಷಗಳಲ್ಲಿ.

ಆದ್ರೆ ಆ ಒಪ್ಪಂದದಲ್ಲಿ ಒಂದು ಸಾಲು ಉಳ್ಕೊಂಡ್ತು. ಬಂದರು ಊರುಗಳ ಹಳೇ ಶಾಶ್ವತ ಗುತ್ತಿಗೆಗಳು ಹಂಗೇ ಮುಂದುವರೀತವೆ, ಆ ಗುತ್ತಿಗೆ ಪತ್ರದಲ್ಲಿ ಇರೋದು ಬಿಟ್ಟು ಬೇರೆ ಯಾವ ಷರತ್ತೂ ಹಾಕಂಗಿಲ್ಲ. ಜಪಾನ್ ಸರ್ಕಾರ ಆಮೇಲೆ ಆ ಜಾಗದ ಮನೆಗಳಿಗೆ ತೆರಿಗೆ ಹಾಕಿದ್ರೆ, ಪರದೇಶದೋರು, ನಾವು ನೆಲಬಾಡಿಗೆ ಕಟ್ತಿದೀವಿ, ಮನೆ ನೆಲದ ಮೇಲೇ ತಾನೇ ಇರೋದು, ಅದೂ ಅದರಲ್ಲೇ ಬಂತು ಅಂದ್ರು. ನೆಲಾನೇ ಬೇರೆ ಮನೇನೇ ಬೇರೆ ಅಂತ ಜಪಾನು. ದೇಶ ದೇಶಗಳ ಜಗಳ ತೀರ್ಮಾನ ಮಾಡೋ ಪಂಚಾಯ್ತಿ ಇರೋ ಹೇಗ್‌ಗೆ ಹೋಯ್ತು ಕೇಸು, ಬ್ರಿಟನ್, ಫ್ರಾನ್ಸ್, ಜರ್ಮನಿ ಒಂದು ಕಡೆ. ಮೂರು ಜನ ಪಂಚರು, ಒಬ್ರು ಫ್ರಾನ್ಸಿನೋರು, ಒಬ್ರು ಜಪಾನಿನೋರು, ಅಧ್ಯಕ್ಷರು ನಾರ್ವೆಯೋರು. 1905ರ ಮೇ 22ಕ್ಕೆ ತೀರ್ಪು, ಇಬ್ಬರು ಅತ್ತ ಒಬ್ಬರು ಇತ್ತ, ಜಪಾನ್ ಸೋತೋಯ್ತು. ಯುದ್ಧದಲ್ಲಿ ರಷ್ಯಾನ ಸೋಲಿಸ್ತಿದ್ದ ವರ್ಷಾನೇ ಯೊಕೊಹಾಮದ ಮನೆಗೆ ತೆರಿಗೆ ಹಾಕಕ್ಕೆ ಆಗ್ಲಿಲ್ಲ ನೋಡಿ ಅವರ ಕೈಲಿ.

ಕೋರ್ಟಿನ ಅವಮಾನ ಎಲ್ಲರಿಗೂ ಕಾಣುತ್ತೆ, ಜನ ಬೀದಿಗೆ ಇಳೀತಾರೆ. ಗುತ್ತಿಗೆ ಕಲಮಿಗೆ ಯಾರು ಬೀದಿಗೆ ಇಳೀತಾರೆ ಹೇಳಿ? 1899ರಲ್ಲಿ ಕೋರ್ಟು ಮುಗೀತು, ಆ ಶಾಶ್ವತ ಗುತ್ತಿಗೆ ಪೂರ್ತಿ ಮುಗಿಯೋ ಹೊತ್ತಿಗೆ 1942 ಆಗಿತ್ತು.

ನಮ್ಮ ಕಡೇದೂ ಹಿಂಗೇ ಕಲಂ ಕಲಂ ಓದಬೇಕು ಅನ್ನೋದು ನನ್ನ ಆಸೆ. ಅದಕ್ಕೆ ಒಂದು ಕೇಳ್ಕೋತೀನಿ, ನಿಮ್ಮ ಅಟ್ಟದ ಮೇಲೆ, ಟ್ರಂಕಲ್ಲಿ ಹಳೇ ಗ್ರಾಂಟ್ ಪತ್ರ, ಕಂದಾಯ ರಸೀದಿ, ಹರಿದಿದ್ರೂ ಪರವಾಗಿಲ್ಲ, ಮುಂದಿನ ಸಲ ಬರುವಾಗ ತಗೊಂಡು ಬನ್ನಿ, ಲ್ಯಾಮಿನೇಶನ್ ಮಾತ್ರ ಮಾಡಿಸ್ಬೇಡಿ, ಒಟ್ಟಿಗೆ ಕೂತು ಓದೋಣ.